ಬಲಿಪೂಜೆಯ ವಾಚನಗಳೇ ನನ್ನ ಪಠ್ಯಪುಸ್ತಕ: ಲಿಯೋನ್‌ನಲ್ಲಿ ಫ್ರೆಂಚ್ ಕಲಿತ ಅನುಭವ

ಚರ್ಚಿನಲ್ಲಿ ಪ್ರತಿದಿನ ನಡೆಯುವ ಬಲಿಪೂಜೆಯ ಬೈಬಲ್ ವಾಚನಗಳನ್ನೇ ಪಠ್ಯವಾಗಿಟ್ಟುಕೊಂಡು ಫ್ರೆಂಚ್ ಭಾಷೆಯ ಮೇಲ್-ಮಧ್ಯಮ ಮಟ್ಟದ ಡೆಲ್ಫ್ ಬಿ2 ಪರೀಕ್ಷೆಯನ್ನು ದಾಟುತ್ತೇನೆ ಎಂದು ನಾನು ಹೇಳಿದಾಗ ಫ್ರಾನ್ಸಿನ ಲಿಯೋನ್ ನಗರದ ನಮ್ಮ ತರಗತಿಯಲ್ಲಿ ಯಾರೂ ಒಪ್ಪಲಿಲ್ಲ. ದೇವಾಲಯದ ಫ್ರೆಂಚ್ ಹಳೆಯದು, ಕಚೇರಿಯಲ್ಲಾಗಲಿ ಬೀದಿಯಲ್ಲಾಗಲಿ ಅದು ನಡೆಯುವುದಿಲ್ಲ ಎಂಬುದು ಸಹಪಾಠಿಗಳ ವಾದವಾಗಿತ್ತು. ನನ್ನೊಂದಿಗೆ ಪೂಜೆಗೆ ಬರುತ್ತಿದ್ದ ಇಬ್ಬರು ಸ್ನೇಹಿತರೂ ಭಕ್ತಿ ಬೇರೆ, ವ್ಯಾಕರಣ ಬೇರೆ ಎನ್ನುತ್ತಿದ್ದರು. ಕಳೆದ ಪರೀಕ್ಷೆಯಲ್ಲಿ ನನಗೆ 100ಕ್ಕೆ 75ರ ಆಸುಪಾಸು ಅಂಕಗಳು ಬಂದವು, ಆಲಿಸುವ ಭಾಗದಲ್ಲಿಯೇ 25ಕ್ಕೆ 20 ದಾಟಿತು. ಅದಕ್ಕೂ ಹಿಂದಿನ ಪರೀಕ್ಷೆಯಲ್ಲಿ ಅದೇ ಭಾಗದಲ್ಲಿ 5 ಅಂಕಗಳ ಕನಿಷ್ಠ ಮಿತಿಯನ್ನು ಹೇಗೋ ಮುಟ್ಟಿದ್ದೆನೇ ಹೊರತು, ಪಾಸಾಗಲು ಬೇಕಾದ ಒಟ್ಟು 50 ಕೂಡಿರಲಿಲ್ಲ. ಈ ನಡುವೆ ಏನು ಬದಲಾಯಿತು ಎಂದು ಈಗ ಅವರೇ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ವೀಸಾಕ್ಕಾಗಿ ತಿಂಗಳಿಗೆ 615 ಯೂರೋ ತೋರಿಸಿ ಬಂದವರಿಗೆ ಆ ಮೊತ್ತ ಲಿಯೋನ್‌ನಲ್ಲಿ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆಗ ಕೊಠಡಿಗೆ ಸುಮಾರು 420, ಮೆಟ್ರೋ ಪಾಸಿಗೆ 25ರಷ್ಟು, ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಊಟಕ್ಕೆ 3.30 ಎಂದು ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುತ್ತಿದ್ದುದು ಬಹಳ ಕಡಿಮೆ. ವಿದ್ಯಾರ್ಥಿಗೆ ವರ್ಷಕ್ಕೆ 964 ಗಂಟೆಗಳ ಕೆಲಸಕ್ಕೆ ಅನುಮತಿ ಇದೆಯಾದರೂ, ಅಡುಗೆಮನೆಯೊಂದರಲ್ಲಿ ಪಾತ್ರೆ ತೊಳೆದು ರಾತ್ರಿ ಹನ್ನೊಂದಕ್ಕೆ ಮರಳಿದ ಮೇಲೆ ಕ್ರಿಯಾಪದಗಳು ತಲೆಗೆ ಹತ್ತುವುದಿಲ್ಲ. ಹೀಗಿದ್ದರೂ ಮೊದಲ ವರ್ಷ ಗಂಟೆಗೆ 30 ಯೂರೋ ಕೊಟ್ಟು ಖಾಸಗಿ ಪಾಠಕ್ಕೆ ಹೋದೆ, ಪರೀಕ್ಷಾ ಸಿದ್ಧತೆಯ ಸಂಜೆ ತರಗತಿಗೆ ಸೇರಿದೆ, ಮೊಬೈಲ್ ಆ್ಯಪ್ ಒಂದಕ್ಕೆ ವಾರ್ಷಿಕ ಚಂದಾ ಕಟ್ಟಿದೆ. ಸಂಸ್ಥೆಯ ಶುಲ್ಕವನ್ನು ಬಿಟ್ಟು ಇವಕ್ಕೇ ಆರು ಏಳುನೂರು ಯೂರೋ ಖರ್ಚಾಗಿರಬೇಕು. ಅವುಗಳಲ್ಲಿ ಕೇಳಿಸುತ್ತಿದ್ದ ಧ್ವನಿಮುದ್ರಿಕೆಗಳಲ್ಲಿ ವಿಷಯವೂ ಹೊಸದು, ಪದಗಳೂ ಹೊಸವು, ವೇಗವೂ ಹೆಚ್ಚು. ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಿ ಕಿವಿಗೆ ಒಂದೂ ದಕ್ಕಲಿಲ್ಲ.

ಈ ಮೂರರಲ್ಲಿ ವಿಷಯವೊಂದನ್ನು ಮೊದಲೇ ತಿಳಿದುಕೊಂಡರೆ ಉಳಿದ ಎರಡನ್ನು ಹಿಡಿಯಬಹುದು ಎಂಬುದೇ ನನ್ನ ವಿಧಾನದ ಆಧಾರ. ಹಬ್ಬಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ, ಕನ್ನಡದಲ್ಲಿ ಪೂಜೆ ನಡೆಯುವ ದೇವಾಲಯದಲ್ಲಿ ಆ ದಿನ ಓದುವ ಶುಭಸಂದೇಶವನ್ನೇ (ಯೇಸುವಿನ ಜೀವನವನ್ನು ಹೇಳುವ ಬೈಬಲ್ ಭಾಗವನ್ನೇ) ಲಿಯೋನ್‌ನಲ್ಲಿಯೂ ಓದುತ್ತಾರೆ. ಆದ್ದರಿಂದ ರಾತ್ರಿ ಮಲಗುವ ಮುನ್ನ ಮರುದಿನದ ವಾಚನಗಳನ್ನು ಕನ್ನಡದಲ್ಲಿ ಓದಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅವನ್ನೇ ಫ್ರೆಂಚ್‌ನಲ್ಲಿ ಗಟ್ಟಿಯಾಗಿ ಎರಡು ಸಲ ಓದುತ್ತಿದ್ದೆ. ಫ್ರೆಂಚ್ ಧರ್ಮಾಧ್ಯಕ್ಷರು (ಬಿಷಪ್ಪರು) ಒಪ್ಪಿರುವ 2013ರ ಅನುವಾದ ಅಂತರ್ಜಾಲದಲ್ಲಿ ದಿನವಾರು ಉಚಿತವಾಗಿ ಸಿಗುತ್ತದೆ. ಮಧ್ಯಾಹ್ನದ ಪೂಜೆಯಲ್ಲಿ ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ತೆರೆಯದೆ ಕೇಳುತ್ತಿದ್ದೆ. ಸಂಜೆ ಅದೇ ಶುಭಸಂದೇಶವನ್ನು ನನ್ನ ಮಾತುಗಳಲ್ಲಿ ಮೂರು ನಿಮಿಷ ಯಾರಿಗಾದರೂ ಹೇಳುತ್ತಿದ್ದೆ. ಪೂಜೆಗೆ ಬರಲಾಗದ ವಯಸ್ಸಾದ ಮಹಿಳೆಯೊಬ್ಬರು ಹೆಚ್ಚಿನ ದಿನಗಳಲ್ಲಿ ನನ್ನ ಕೇಳುಗರಾಗಿದ್ದರು. ತಪ್ಪನ್ನು ಅವರು ಎಂದೂ ತಿದ್ದದೆ ಬಿಡುತ್ತಿರಲಿಲ್ಲ, ಅದಕ್ಕಾಗಿ ನಾನು ಅವರಿಗೆ ಸದಾ ಋಣಿ.

ಈ ನಾಲ್ಕರಲ್ಲಿ ಹೆಚ್ಚು ಫಲ ಕೊಟ್ಟದ್ದು ಸಂಜೆಯ ಮರುನಿರೂಪಣೆ. ವಾಚನದ ಕಥೆಗಳು ಬಹುತೇಕ ಬರಹದಲ್ಲಷ್ಟೇ ಬಳಸುವ ಭೂತಕಾಲವಾದ ಪಾಸೇ ಸಾಂಪ್ಲ್‌ನಲ್ಲಿರುತ್ತವೆ, ಆದರೆ ಇಂದು ಯಾರೂ ಹಾಗೆ ಮಾತನಾಡುವುದಿಲ್ಲ. ಸಹಪಾಠಿಗಳ ಆಕ್ಷೇಪಣೆಯಲ್ಲಿ ಸತ್ಯವಿದ್ದದ್ದು ಇಷ್ಟೇ. ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ಕಿರಿಯ ಮಗ ಆಸ್ತಿಯನ್ನೆಲ್ಲ ಕೂಡಿಸಿಕೊಂಡು ದೂರದೇಶಕ್ಕೆ ಹೊರಟು ಹಣವನ್ನು ದುಂದುಮಾಡುವ ಭಾಗವನ್ನು ಮಾತಿನ ಭೂತಕಾಲವಾದ ಪಾಸೇ ಕಾಂಪೋಸೇಗೆ ತಿರುಗಿಸಿ ಹೇಳಿ ನೋಡಿ. ಯಾವ ಕ್ರಿಯಾಪದಕ್ಕೆ ಆವ್ವಾರ್, ಯಾವುದಕ್ಕೆ ಎತ್ರ್ ಎಂಬ ಸಹಾಯಕ ಕ್ರಿಯಾಪದ ಬೇಕೆಂಬುದನ್ನು ಪ್ರತಿ ವಾಕ್ಯದಲ್ಲಿಯೂ ನಿರ್ಧರಿಸಲೇಬೇಕಾಗುತ್ತದೆ. ಅಭ್ಯಾಸ ಪುಸ್ತಕದ ಹತ್ತು ಪುಟಗಳಿಂದ ಆಗದ ಕೆಲಸ ಈ ಒಂದು ಸಾಮತಿಯಿಂದ (ನೀತಿಕಥೆಯಿಂದ) ಆಯಿತು.

ಬರವಣಿಗೆಗೆ ಬೈಬಲಿನಲ್ಲಿರುವ ಸಂತ ಪೌಲನ ಪತ್ರಗಳನ್ನು ಹಿಡಿದೆ. ಬಿ2 ಪ್ರಬಂಧಕ್ಕೆ ಕನಿಷ್ಠ 250 ಪದಗಳ ವಾದಮಂಡನೆ ಬೇಕು, ನಮ್ಮಲ್ಲಿ ಬಹುಪಾಲು ಮಂದಿ ಸೋಲುವುದು ವಾಕ್ಯದಿಂದ ವಾಕ್ಯಕ್ಕೆ ದಾಟುವಲ್ಲಿ. ಪೌಲನಾದರೋ ಆಕ್ಷೇಪಣೆಯನ್ನು ತಾನೇ ಎತ್ತಿ, ಅದಕ್ಕೆ ಕಾರಣ ಕೊಟ್ಟು, ಇಷ್ಟೇ ಅಲ್ಲದೆ ಇನ್ನೂ ಒಂದಿದೆ ಎಂದು ಮುಂದುವರಿಸಿ, ಆದ್ದರಿಂದ ಎಂದು ತೀರ್ಮಾನಕ್ಕೆ ಬರುತ್ತಾನೆ. ರೋಮನರಿಗೆ ಬರೆದ ಪತ್ರದಿಂದ ಇಂಥ ಸಂಯೋಜಕಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಒಟ್ಟುಮಾಡಿ, ಸಾರ್ವಜನಿಕ ಸಾರಿಗೆಯ ಬಗ್ಗೆಯೂ ದೂರದಿಂದ ಮಾಡುವ ಉದ್ಯೋಗದ ಬಗ್ಗೆಯೂ ಅವುಗಳಿಂದಲೇ ಪ್ರಬಂಧ ಬರೆಯುತ್ತಿದ್ದೆ. ಅವುಗಳನ್ನು ಟಿಪ್ಪಣಿಯಲ್ಲಿ ವಿಂಗಡಿಸುವ ಕ್ರಮ ಮಾತ್ರ ನನ್ನದೇ ಆದದ್ದು. ಮುಂದಿನ ಹಂತದ ಸಿ1 ಪರೀಕ್ಷೆ ಮುಗಿಯುವ ತನಕ ಅದನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಆಶಯವನ್ನು ಹೇಳುವ ಕ್ರಿಯಾರೂಪವಾದ ಸುಬ್ಜಾಂಕ್ಟಿಫ್ ಬಗ್ಗೆ ಹೆದರುವವರು ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯನ್ನು ಬರೆದುಕೊಡುತ್ತೇವೆ ಎಂದು ಧರ್ಮಕೇಂದ್ರದಲ್ಲಿ ಕೇಳಿ ನೋಡಬೇಕು. ರೋಗಿಗಳಿಗೆ ಸಾಂತ್ವನ ದೊರೆಯಲೆಂದು, ಆಳುವವರು ನ್ಯಾಯವನ್ನು ಅರಸಲೆಂದು ಬೇಡುವ ಪ್ರತಿಯೊಂದು ವಾಕ್ಯವೂ ಆ ರೂಪವನ್ನೇ ಬಯಸುತ್ತದೆ. ಬರೆದದ್ದನ್ನು ನೂರಾರು ಜನರ ಮುಂದೆ ಓದಬೇಕಾಗಿರುವುದರಿಂದ ಯಾರಾದರೂ ಮೊದಲೇ ತಿದ್ದಿಕೊಡುತ್ತಾರೆ, ಅದೂ ಉಚಿತವಾಗಿ. ಕೆಲವು ತಿಂಗಳುಗಳಲ್ಲಿ ನನ್ನ ಹಾಳೆಯಲ್ಲಿ ತಿದ್ದುವುದಕ್ಕೇನೂ ಉಳಿಯುತ್ತಿರಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಉಚ್ಚಾರಣೆ ಜಪಸರ (ರೋಸರಿ) ಪ್ರಾರ್ಥನೆಯಿಂದ ಬಂತು. ಫ್ರಾನ್ಸಿನ ಯಾತ್ರಾಸ್ಥಳವಾದ ಲೂರ್ದ್‌ನ ಗುಹೆಯಿಂದ ಪ್ರತಿದಿನ ಮಧ್ಯಾಹ್ನ 3.30ಕ್ಕೆ ಜಪಸರ ನೇರವಾಗಿ ಪ್ರಸಾರವಾಗುತ್ತದೆ. ನಮೋ ಮರಿಯಾ ಪ್ರಾರ್ಥನೆಯನ್ನು ಹತ್ತು ಹತ್ತರ ಐದು ಸುತ್ತುಗಳಲ್ಲಿ 50 ಸಲ ಹೇಳುವಾಗ ಮೂಗಿನ ಸ್ವರಗಳೂ ಗಂಟಲಿನ ರಕಾರವೂ ಬಾಯಿಗೆ ತಾವಾಗಿ ಕೂರುತ್ತವೆ. ಸಭೆಯ ವೇಗಕ್ಕೆ ಹೊಂದಿಕೊಳ್ಳಲೇಬೇಕಾದ್ದರಿಂದ ಪದಗಳನ್ನು ಒಂದಕ್ಕೊಂದು ಬೆಸೆಯುವ ಲಿಯೇಸಾನ್ ಕೂಡ ಬಂದುಬಿಡುತ್ತದೆ. ವಿಶ್ವಾಸಿಗಳನ್ನು ಸಣ್ಣ ಗುಂಪುಗಳಾಗಿ ಜೋಡಿಸಿ 1826ರಲ್ಲಿ ಜೀವಂತ ಜಪಸರವನ್ನು ಆರಂಭಿಸಿದ ಪೊಲೀನ್ ಜಾರಿಕೊ ಈ ಲಿಯೋನ್ ನಗರದವರೇ, 2022ರಲ್ಲಿ ಅವರನ್ನು ಧನ್ಯರೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿದ್ದೂ ಇಲ್ಲಿಯೇ. ಬೇಡಿಕೊಳ್ಳುತ್ತಲೇ ಕಲಿಯುವುದು ಪ್ರಾರ್ಥನೆಗೆ ಅಗೌರವವೇ ಎಂಬ ಪ್ರಶ್ನೆ ನನ್ನನ್ನು ಕೆಲಕಾಲ ಕಾಡಿತು. ಪಾಪನಿವೇದನೆಯಲ್ಲಿ ಇದನ್ನು ಕೇಳಿದಾಗ, ಅರ್ಥಮಾಡಿಕೊಂಡು ಪ್ರಾರ್ಥಿಸಲು ಪಡುವ ಶ್ರಮವೂ ಪ್ರಾರ್ಥನೆಯೇ ಎಂದು ಗುರುಗಳು ಸಮಾಧಾನ ಹೇಳಿದರು.

ಎಲ್ಲ ಪ್ರಯೋಗಗಳೂ ಫಲಿಸಲಿಲ್ಲ. ಗಾಯನವೃಂದಕ್ಕೆ ಸೇರಿದ್ದರಿಂದ ಸ್ನೇಹಿತರು ಸಿಕ್ಕರು, ಆದರೆ ಭಾಷೆಗೆ ಹಾನಿಯೇ ಆಯಿತು. ಮಾತಿನಲ್ಲಿ ಉಚ್ಚರಿಸದ ಪದಾಂತ್ಯದ ಎಕಾರವನ್ನು ಹಾಡಿನಲ್ಲಿ ಒಂದು ಸ್ವರಕ್ಕೆ ಕೂರಿಸುತ್ತಾರೆ. ಆ ಅಭ್ಯಾಸ ಸಂಭಾಷಣೆಗೂ ಹತ್ತಿಕೊಂಡು, ಅದನ್ನು ಬಿಡಿಸಿಕೊಳ್ಳಲು ಈಸ್ಟರ್ ಹಬ್ಬಕ್ಕೆ ಮುಂಚಿನ ಒಂದಿಡೀ ತಪಸ್ಸುಕಾಲ ಹಿಡಿಯಿತು. ಒಂದು ವಾರ ಮಾಕೋನ್ ಮಾರ್ಗವಾಗಿ ತೇಝೆ ಎಂಬ ಪ್ರಾರ್ಥನಾ ಸಮುದಾಯಕ್ಕೂ ಹೋಗಿಬಂದೆ. ಅದರ ಸ್ಥಾಪಕ ಸಹೋದರ ರೋಜೆ (ಬ್ರದರ್ ರೋಜೆ) 1940ರಲ್ಲಿ ನೆಲೆಸಿದ ಆ ಗ್ರಾಮದಲ್ಲಿನ ಮೌನ ಮರೆಯಲಾಗದ್ದು. ಆದರೆ ಹಲವು ದೇಶಗಳ ಯುವಜನರು ಸೇರುವುದರಿಂದ ಊಟದ ಸಾಲಿನಿಂದ ಬೈಬಲ್ ಚರ್ಚೆಯವರೆಗೆ ನನಗೆ ಕೇಳಿಸಿದ್ದು ಹೆಚ್ಚಾಗಿ ಇಂಗ್ಲಿಷ್. ಪ್ರಾರ್ಥನೆಗಾಗಿ ಖಂಡಿತ ಹೋಗಿ, ಫ್ರೆಂಚ್‌ಗಾಗಿ ಬೇಡ.

ಪ್ರಗತಿಯನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆ ಪೂಜೆಯ ಕೊನೆಯ ಪ್ರಕಟಣೆಗಳು. ಶುಭಸಂದೇಶ ಪೂರ್ತಿ ತಿಳಿಯುತ್ತಿದ್ದ ಕಾಲದಲ್ಲಿಯೂ, ಯಾವ ಗುಂಪು ಯಾವ ಗುರುವಾರ ಎಷ್ಟು ಗಂಟೆಗೆ ಎಲ್ಲಿ ಸೇರುತ್ತದೆ ಎಂಬುದು ತಿಳಿಯುತ್ತಿರಲಿಲ್ಲ, ಏಕೆಂದರೆ ಅದನ್ನು ಹಿಂದಿನ ರಾತ್ರಿ ಕನ್ನಡದಲ್ಲಿ ಓದಿಕೊಳ್ಳಲು ಸಾಧ್ಯವಿರಲಿಲ್ಲ. ಇದಕ್ಕಾಗಿ 1982ರಲ್ಲಿ ಈ ನಗರದಲ್ಲಿಯೇ ರೇಡಿಯೋ ಫುರ್ವಿಯೇರ್ ಆಗಿ ಹುಟ್ಟಿದ ಆರ್‌ಸಿಎಫ್ ಎಂಬ ಕ್ರೈಸ್ತ ರೇಡಿಯೋ ಕೇಂದ್ರದ ಸ್ಥಳೀಯ ಸಂದರ್ಶನಗಳನ್ನು ಪಾತ್ರೆ ತೊಳೆಯುವಾಗ ಕೇಳತೊಡಗಿದೆ. ವಾರಕ್ಕೊಂದು ರಾತ್ರಿ ಮನೆಯಿಲ್ಲದವರಿಗೆ ಬಿಸಿ ಕಾಫಿ ಹಂಚುವ ತಂಡದೊಡನೆ ನಡೆದೆ. ‘ಇಲ್ಲ’ ಎನ್ನುವ ಎರಡು ಪದಗಳ ಜೋಡಿಯಲ್ಲಿ ಒಂದನ್ನು ನುಂಗುವ, ಅಕ್ಷರಗಳನ್ನು ಕೂಡಿಸಿಬಿಡುವ ಬೀದಿಯ ಮಾತನ್ನು ನನಗೆ ಕಲಿಸಿದವರು ಆ ಮನೆಯಿಲ್ಲದವರೇ. ಯಾವ ತರಗತಿಯಲ್ಲಿಯೂ ಅಷ್ಟು ತಾಳ್ಮೆಯಿಂದ ಯಾರೂ ನನ್ನ ಮಾತನ್ನು ಕೇಳಿರಲಿಲ್ಲ. ಫುರ್ವಿಯೇರ್ ಬೆಟ್ಟದ ಮೇಲೆ ಮರಿಯಮ್ಮನವರ ಪ್ರತಿಮೆಯನ್ನು ಪ್ರತಿಷ್ಠಾಪಿಸಿದ 1852ರಿಂದ ಡಿಸೆಂಬರ್ 8ರಂದು ಇಲ್ಲಿನ ಜನ ಕಿಟಕಿಗಳಲ್ಲಿ ದೀಪವಿಡುತ್ತಾರೆ. ಆ ಸಂಜೆ ದೇವಾಲಯದ ಬಾಗಿಲಲ್ಲಿ ಸ್ವಯಂಸೇವಕನಾಗಿ ನಿಂತು, ದಾರಿಹೋಕರು ಈ ಹಬ್ಬದ ಬಗ್ಗೆಯೂ ನನ್ನ ವಿಶ್ವಾಸದ ಬಗ್ಗೆಯೂ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ, ಮೌಖಿಕ ಪರೀಕ್ಷೆಯಲ್ಲಿ ಅಭಿಪ್ರಾಯವನ್ನು ಸಮರ್ಥಿಸುವುದು ಹಗುರವೆನಿಸಿತು.

ಸ್ಮುರ್ನದಿಂದ (ಇಂದಿನ ತುರ್ಕಿಯ ಇಜ್ಮಿರ್) ಬಂದು ಇದೇ ಊರಿನ ಧರ್ಮಾಧ್ಯಕ್ಷರಾದ ಸಂತ ಇರೇನಿಯಸ್, ಆಗ ಇಲ್ಲಿ ನೆಲೆಸಿದ್ದ ಕೆಲ್ಟರ ನಡುವೆ ಬಾಳಿ ಅವರ ನುಡಿಯಲ್ಲೇ ಹೆಚ್ಚಾಗಿ ವ್ಯವಹರಿಸುತ್ತಿರುವುದರಿಂದ ತಮ್ಮ ಗ್ರೀಕ್ ಬರಹದಲ್ಲಿ ಸೊಗಸನ್ನು ನಿರೀಕ್ಷಿಸಬೇಡಿ ಎಂದು ಬರೆದಿದ್ದಾರೆ. ಎರಡನೆಯ ಶತಮಾನದ ಆ ಮಾತು ನನಗೆ ಹಲವು ಸಂಜೆಗಳಲ್ಲಿ ಧೈರ್ಯ ಕೊಟ್ಟಿದೆ.

ಈ ಕ್ರಮವನ್ನು ಅನುಸರಿಸುವವರು ಸೆಪ್ಟೆಂಬರ್‌ನಲ್ಲಿಯೇ ತೊಡಗುವುದು ಒಳ್ಳೆಯದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ವಾರದ ದಿನಗಳ ಪೂಜೆಗಳು ಕಡಿಮೆಯಾಗುತ್ತವೆ, ವಿದ್ಯಾರ್ಥಿ ಗುಂಪುಗಳು ಚದುರಿಹೋಗುತ್ತವೆ, ಸಂಜೆಯ ಕೇಳುಗರೂ ಊರಲ್ಲಿರುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಾನು ಮರುನಿರೂಪಣೆಯನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಆ ಮಹಿಳೆಗೆ ಕಳುಹಿಸುತ್ತಿದ್ದೆ. ತಿದ್ದುಪಡಿಗಳು ಮರುದಿನ ಬೆಳಿಗ್ಗೆ ಎಂಟರೊಳಗೆ ಬಂದಿರುತ್ತಿದ್ದವು.