ಮನೆ ಸಾಮಾನು ಸಾಗಿಸುವ ಮುನ್ನ ಲಿಖಿತ ಕೊಟೇಶನ್: ನನ್ನ ಅನುಭವ

ಬ್ಯಾಂಕ್ ನೌಕರಿಯಲ್ಲಿರುವವರಿಗೆ ವರ್ಗಾವಣೆ ಹೊಸದಲ್ಲ. ಆದರೂ ಬೆಂಗಳೂರಿನ ವಿಜಯನಗರದಿಂದ ಹೈದರಾಬಾದಿನ ಕೂಕಟ್‌ಪಲ್ಲಿಗೆ ಇಡೀ ಸಂಸಾರವನ್ನೇ ಸಾಗಿಸಬೇಕಾಗಿ ಬಂದಾಗ, ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಫೋನ್ ಮಾಡುವುದಕ್ಕೂ ಮೊದಲು ನಾನು ಕುಳಿತು ಸಾಮಾನಿನ ಪಟ್ಟಿ ಬರೆದೆ. ಕೊಟೇಶನ್ ಹೋಲಿಸುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಈ ಪಟ್ಟಿಯಲ್ಲೇ ಮುಗಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬರು ನಲವತ್ತು ಪೆಟ್ಟಿಗೆಗಳಾಗುತ್ತವೆ ಎಂದೂ ಇನ್ನೊಬ್ಬರು ಇಪ್ಪತ್ತೈದೇ ಸಾಕೆಂದೂ ಲೆಕ್ಕ ಹಾಕಿ ದರ ಹೇಳಿದರೆ, ಆ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟು, ಎಲ್ಲರಿಂದಲೂ ಅದೇ ಪಟ್ಟಿಯ ಮೇಲೆ ದರ ಬರೆಸಿಕೊಂಡಾಗ ಮಾತ್ರ ಹೋಲಿಕೆ ಸಾಧ್ಯ.

ಪಟ್ಟಿಯನ್ನು ಕೋಣೆ ಕೋಣೆಯಾಗಿ ಮಾಡಿದೆ. ಮಂಚ ಎಂದಷ್ಟೇ ಬರೆಯದೆ ಅದರ ಉದ್ದ, ಅಗಲ, ಬಿಚ್ಚಲು ಬರುತ್ತದೆಯೇ ಇಲ್ಲವೇ ಎಂಬುದನ್ನೂ ನಮೂದಿಸಿದೆ. ಫ್ರಿಜ್ ಎಷ್ಟು ಲೀಟರಿನದು, ಟಿ.ವಿ. ಎಷ್ಟು ಇಂಚಿನದು, ಏಸಿ ಸ್ಪ್ಲಿಟ್ಟೋ ವಿಂಡೋವೋ, ಇನ್ವರ್ಟರ್ ಬ್ಯಾಟರಿ ಹೋಗುತ್ತದೆಯೋ ಇಲ್ಲವೋ, ಎಲ್ಲವೂ ಅದರಲ್ಲಿತ್ತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು, ಗ್ರೈಂಡರಿನ ಕಲ್ಲು, ದೇವರ ಮಂಟಪ ಇವುಗಳನ್ನು ಪ್ರತ್ಯೇಕವಾಗಿ ಬರೆದೆ. ಏಕೆಂದರೆ ಕೊನೆಯ ಗಳಿಗೆಯಲ್ಲಿ ‘ಇದು ಪಟ್ಟಿಯಲ್ಲಿರಲಿಲ್ಲ’ ಎಂಬ ಮಾತು ಬರುವುದು ಇಂಥವುಗಳ ವಿಷಯದಲ್ಲೇ. ಗ್ಯಾಸ್ ಸಿಲಿಂಡರ್, ಒಡವೆ, ಕಾಗದಪತ್ರಗಳು ಲಾರಿಯಲ್ಲಿ ಹೋಗುವುದಿಲ್ಲವೆಂದೂ ಸೇರಿಸಿದೆ. ಪಟ್ಟಿಯ ಕೆಳಗೆ ಎರಡೂ ಮನೆಗಳ ವಿವರ: ವಿಜಯನಗರದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ, ಬೀದಿ ಕಿರಿದು, ಕೂಕಟ್‌ಪಲ್ಲಿಯಲ್ಲಿ ಐದನೇ ಮಹಡಿ, ಲಿಫ್ಟ್ ಇದೆ, ಆದರೆ ಸಾಮಾನು ಏರಿಸಲು ಅಪಾರ್ಟ್‌ಮೆಂಟಿನವರು ನಿಗದಿ ಮಾಡಿದ ಹೊತ್ತಿನಲ್ಲಷ್ಟೇ ಅವಕಾಶ.

ಕಂಪನಿಗಳನ್ನು ಹುಡುಕಲು ಯಾವ ಜಾಲತಾಣದಲ್ಲೂ ನನ್ನ ನಂಬರ್ ಹಾಕಲಿಲ್ಲ. ಹಾಗೆ ಹಾಕಿದರೆ ನಂಬರು ಹಲವು ದಲ್ಲಾಳಿಗಳ ಕೈಗೆ ಹೋಗಿ, ಮಾತನಾಡುತ್ತಿರುವವರು ಯಾರು, ಲಾರಿ ಯಾರದು ಎಂಬುದೇ ತಿಳಿಯದಂತಾಗುತ್ತದೆ. ಈಚೆಗೆ ಮನೆ ಬದಲಿಸಿದ ಸಹೋದ್ಯೋಗಿಗಳನ್ನು ವಿಚಾರಿಸಿ ಕೆಲವು ಹೆಸರುಗಳನ್ನು ಪಡೆದೆ. ನಮ್ಮ ಬ್ಯಾಂಕಿನಲ್ಲಿ ಸಾಗಣೆಯ ಬಿಲ್ಲಿನ ಹಣ ಮರಳಿ ಕೊಡುವಾಗ ಐಬಿಎ, ಅಂದರೆ ಭಾರತೀಯ ಬ್ಯಾಂಕುಗಳ ಸಂಘ ಶಿಫಾರಸು ಮಾಡಿದ ಸಾಗಣೆದಾರರ ಪಟ್ಟಿಯನ್ನು ನೋಡುವ ರೂಢಿಯಿದೆ. ವಿಸಿಟಿಂಗ್ ಕಾರ್ಡಿನ ಮೇಲೆ ‘ಐಬಿಎ ಅಪ್ರೂವ್ಡ್’ ಎಂದು ಅಚ್ಚು ಹಾಕಿಸುವುದು ಸುಲಭವಾದ್ದರಿಂದ, ಹೆಸರನ್ನು ಪಟ್ಟಿಯೊಂದಿಗೆ ನಾನೇ ತಾಳೆ ನೋಡಿದೆ.

ಜಿಎಸ್‌ಟಿ ಸಂಖ್ಯೆಯ ಪರಿಶೀಲನೆ ಇದಕ್ಕಿಂತಲೂ ಮುಖ್ಯ. ಆ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್ ಸಂಖ್ಯೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ಹಾಕಿ ನೋಡಿದರೆ ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲವೂ ಕಾಣುತ್ತದೆ. ಫೋನಿನಲ್ಲಿ 22,000 ರೂಪಾಯಿಗೆ ಇಡೀ ಮನೆ ಸಾಗಿಸುವುದಾಗಿ ಹೇಳಿದ ಒಬ್ಬರ ಲೆಟರ್‌ಹೆಡ್ಡಿನಲ್ಲಿದ್ದ ಹೆಸರಿಗೂ ಪೋರ್ಟಲ್ ತೋರಿಸಿದ ಹೆಸರಿಗೂ ಸಂಬಂಧವೇ ಇರಲಿಲ್ಲ. ಇನ್ನೊಬ್ಬರು, ನಾನು ಬ್ಯಾಂಕಿನವಳು ಎಂದು ತಿಳಿದ ಕೂಡಲೇ, “ಬಿಲ್ ಎಷ್ಟಕ್ಕೆ ಬೇಕೋ ಅಷ್ಟಕ್ಕೆ ಮಾಡಿಕೊಡ್ತೀವಿ ಮೇಡಂ” ಎಂದರು. ಇಬ್ಬರನ್ನೂ ಅಲ್ಲಿಗೇ ಕೈಬಿಟ್ಟೆ. ಸುಳ್ಳು ಬಿಲ್ ಬರೆಯಲು ಸಿದ್ಧವಿರುವವರು ನಮ್ಮ ಸಾಮಾನಿನ ಲೆಕ್ಕವನ್ನು ಸರಿಯಾಗಿ ಬರೆಯುತ್ತಾರೆಂದು ನಂಬಲು ಕಾರಣವಿಲ್ಲ.

ಉಳಿದವರಿಗೆ, ಮನೆಗೆ ಬಂದು ನೋಡಿಯೇ ದರ ಕೊಡಬೇಕೆಂದು ತಿಳಿಸಿದೆ. ಬಂದು ನೋಡುವವರ ಕೆಲಸದಲ್ಲೇ ಅವರ ಅನುಭವ ತಿಳಿಯುತ್ತದೆ. ಒಬ್ಬರು ಬಾಗಿಲಲ್ಲೇ ನಿಂತು ಹಾಲಿನ ಸುತ್ತ ಕಣ್ಣಾಡಿಸಿ, ಎರಡು ಫೋಟೊ ತೆಗೆದು ಹೊರಟರು. ಇನ್ನೊಬ್ಬ ಹಿರಿಯರು ಟೇಪು ಹಿಡಿದು ಒಳಗೆ ಬಂದು, ನಮ್ಮ ಅತ್ತೆಯವರ ಕಾಲದ ಬೀಟೆ ಮಂಚದ ತಲೆಯ ಭಾಗವನ್ನು ಅಳೆದು, ಮೆಟ್ಟಿಲ ತಿರುವಿಗೆ ಹೋಗಿ ಅಲ್ಲಿಯೂ ಅಳೆದು, “ಮೇಡಂ, ಇದನ್ನ ಬಿಚ್ಚದೆ ಇಲ್ಲಿ ತಿರುಗಿಸೋಕೆ ಆಗಲ್ಲ, ಬಡಗಿ ಬೇಕಾಗ್ತಾನೆ” ಎಂದರು. ಬಳಿಕ ಕೆಳಗಿಳಿದು ಬೀದಿಯ ಅಗಲವನ್ನೂ ಕರೆಂಟಿನ ತಂತಿಗಳನ್ನೂ ನೋಡಿ, 17 ಅಡಿಯ ಲಾರಿ ಒಳಗೆ ಬರುವುದಿಲ್ಲ, ಮನೆಯಿಂದ ಮುಖ್ಯರಸ್ತೆಯವರೆಗೆ ಟಾಟಾ ಏಸ್‌ನಲ್ಲಿ ಸಾಗಿಸಿ ಅಲ್ಲಿ ಲಾರಿಗೆ ತುಂಬಬೇಕು ಎಂದು ಬರೆದುಕೊಂಡರು. ಹಗಲಿನಲ್ಲಿ ನಗರದೊಳಗೆ ದೊಡ್ಡ ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಅವರೇ ಹೇಳಿದರು. ಬೇರೆ ಯಾರೂ ಪ್ರಸ್ತಾಪಿಸದಿದ್ದ ಈ ಸಂಗತಿಗಳನ್ನು ನಾನು ನನ್ನ ಪಟ್ಟಿಗೆ ಸೇರಿಸಿ, ಎಲ್ಲರಿಗೂ ಅದನ್ನು ಮತ್ತೆ ಕಳುಹಿಸಿದೆ.

ಕೊಟೇಶನ್‌ಗಳು ಬಂದಾಗ ಒಂದೊಂದೂ ಒಂದೊಂದು ರೀತಿಯಲ್ಲಿತ್ತು. ಒಂದು ಒಂದೇ ಸಾಲಿನದು. ಇನ್ನೊಂದರಲ್ಲಿ ಪ್ಯಾಕಿಂಗ್, ಲೋಡಿಂಗ್, ಸಾಗಣೆ, ಅನ್‌ಲೋಡಿಂಗ್ ಎಂದು ಬಿಡಿಬಿಡಿಯಾಗಿತ್ತು. ನಾನು ಒಂದು ದೊಡ್ಡ ಹಾಳೆಯಲ್ಲಿ ನನ್ನದೇ ಸಾಲುಗಳನ್ನು ಎಳೆದು, ಪ್ರತಿ ಕಂಪನಿಯ ಅಂಕಿಯನ್ನು ಅದರಲ್ಲಿ ತುಂಬಿದೆ. ಖಾಲಿ ಉಳಿದ ಪ್ರತಿಯೊಂದು ಚೌಕದ ಬಗ್ಗೆಯೂ ಆ ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಂಡೆ. ‘ಅದೆಲ್ಲಾ ಸೇರಿಯೇ ಇದೆ’ ಎಂದು ಫೋನಿನಲ್ಲಿ ಹೇಳಿದವರಿಗೆ, ಅದೇ ಮಾತನ್ನು ಬರೆದು ಕಳಿಸಿ ಎಂದೆ.

ಅಂತಿಮವಾಗಿ ಉಳಿದ ಎರಡರ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಮೊದಲ ಕಂಪನಿಯ ಕೊಟೇಶನ್ 31,500 ರೂಪಾಯಿ, ಎರಡನೆಯದು 41,000. ಮೇಲ್ನೋಟಕ್ಕೆ ಮೊದಲನೆಯದು 9,500 ರೂಪಾಯಿ ಅಗ್ಗ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಪ್ರತ್ಯೇಕ ಎಂದಿತ್ತು. ಶೇ 18ರಂತೆ 5,670 ಸೇರಿದರೆ 37,170. ವಿಮೆ ಘೋಷಿತ ಮೌಲ್ಯದ ಶೇ 3. ನಮ್ಮ ಸಾಮಾನಿಗೆ 3 ಲಕ್ಷ ಮೌಲ್ಯ ಹಿಡಿದಿದ್ದರಿಂದ 9,000. ಏಸಿ ಬಿಚ್ಚಿ ಜೋಡಿಸಲು 1,500, ಟಾಟಾ ಏಸ್‌ಗೆ 3,000. ಒಟ್ಟು 50,670 ಆಯಿತು. ಎರಡನೆಯ ಕಂಪನಿಯ 41,000ದಲ್ಲಿ ತೆರಿಗೆ, ಏಸಿ, ಬಡಗಿ, ಟಾಟಾ ಏಸ್, ಎರಡೂ ಕಡೆಯ ಮಹಡಿಯ ಕೂಲಿ ಎಲ್ಲವೂ ಅಡಕವಾಗಿದ್ದವು, ಶೇ 1.5ರ ವಿಮೆ 4,500 ಸೇರಿ ಒಟ್ಟು 45,500. ಅಗ್ಗವೆಂದು ಕಂಡದ್ದು 5,170 ರೂಪಾಯಿ ದುಬಾರಿ.

ವಿಮೆಯ ಸಾಲಿನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಜನ ಅತಿ ಕಡಿಮೆ ಓದುವ ಸಾಲು ಅದು. ಮೊದಲ ಕಂಪನಿಯ ಶೇ 3ರ ಮುಂದೆ ‘ಎಫ್‌ಓವಿ’ ಎಂದು ಬರೆದಿತ್ತು. ವಿಚಾರಿಸಿದಾಗ, ಅದು ಯಾವ ವಿಮಾ ಕಂಪನಿಯ ಪಾಲಿಸಿಯೂ ಅಲ್ಲ, ಹಾನಿಯಾದರೆ ತಾವೇ ನೋಡಿಕೊಳ್ಳುತ್ತೇವೆಂಬ ಭರವಸೆಗೆ ಪಡೆಯುವ ಹಣ ಎಂದು ಗೊತ್ತಾಯಿತು. ಎರಡನೆಯವರು ವಿಮಾ ಕಂಪನಿಯ ಪ್ರಮಾಣಪತ್ರವನ್ನು ನನ್ನ ಹೆಸರಿನಲ್ಲೇ, ಲಾರಿ ಹೊರಡುವ ಮುಂಚೆ ಕೊಡುವುದಾಗಿ ಬರೆದುಕೊಟ್ಟರು. ಆಗಲೂ ಕೇಳಬೇಕಾದ ಪ್ರಶ್ನೆ ಒಂದಿತ್ತು: ಲಾರಿ ಮಗುಚುವುದು, ಬೆಂಕಿ ಬೀಳುವುದು ಇಂಥ ಅಪಘಾತಗಳಿಗೆ ಮಾತ್ರ ಪರಿಹಾರವೋ, ಇಳಿಸುವಾಗ ಕೈಜಾರಿ ಒಡೆದದ್ದಕ್ಕೂ ಉಂಟೋ? ಮನೆ ಸಾಮಾನಿನಲ್ಲಿ ಸಾಮಾನ್ಯವಾಗಿ ಆಗುವ ಹಾನಿ ಎರಡನೆಯ ಬಗೆಯದು. ಅದಕ್ಕೂ ಅನ್ವಯಿಸುತ್ತದೆ ಎಂಬ ಉತ್ತರ ಲಿಖಿತವಾಗಿ ಬಂದ ಮೇಲೆಯೇ ಹಾಳೆಯ ಆ ಚೌಕವನ್ನು ತುಂಬಿದೆ.

ಕಾನೂನಿನ ಒಂದು ಅಂಶವೂ ಇಲ್ಲಿ ಸೇರುತ್ತದೆ. 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಮತ್ತು ಅದರಡಿ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ಕಟ್ಟದಿದ್ದರೆ ಸಾಗಣೆದಾರನ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ, ಅದೂ ಘೋಷಿತ ಮೌಲ್ಯವನ್ನು ಮೀರದಂತೆ. ಆದ್ದರಿಂದ ಬಿಲ್ಲಿನ ಬಹುಭಾಗವನ್ನು ಪ್ಯಾಕಿಂಗ್ ಎಂದು ತೋರಿಸಿ ಸಾಗಣೆ ದರವನ್ನು ತೀರ ಕಡಿಮೆ ಬರೆದಿದ್ದರೆ ಅದು ಬರೀ ಲೆಕ್ಕದ ವಿಂಗಡಣೆಯಲ್ಲ. ನಮ್ಮ ರಕ್ಷಣೆಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಎರಡನೆಯ ಕಂಪನಿಯ ಷರತ್ತುಗಳಲ್ಲಿ ‘ಆಕ್ಟ್ರಾಯ್, ಟೋಲ್, ಇ-ವೇ ಬಿಲ್ ವೆಚ್ಚ ಗ್ರಾಹಕರದ್ದು’ ಎಂಬ ಹಳೆಯ ಸಾಲೊಂದಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ಇಲ್ಲ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಗೆ ಪಡೆಯುವ ಜಿಎಸ್‌ಟಿ ದಾಖಲೆ, ಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿ 44ರ ಟೋಲ್ ಎಷ್ಟೆಂಬುದು ಆ ದಾರಿಯಲ್ಲಿ ನಿತ್ಯ ಲಾರಿ ಓಡಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಆ ಸಾಲನ್ನು ತೆಗೆಸಿದೆ. ಅದರ ಜಾಗದಲ್ಲಿ, ಲಾರಿ ನಮ್ಮ ಸಾಮಾನಿಗಷ್ಟೇ ಮೀಸಲು, ದಾರಿಯಲ್ಲಿ ಯಾವ ಗೋದಾಮಿನಲ್ಲೂ ಇಳಿಸಿ ಬೇರೆ ಗಾಡಿಗೆ ತುಂಬುವಂತಿಲ್ಲ ಎಂದು ಬರೆಸಿದೆ. ಪಾರ್ಟ್ ಲೋಡ್‌ನಲ್ಲಿ, ಅಂದರೆ ಬೇರೆಯವರ ಸಾಮಾನಿನ ಜೊತೆ ಒಂದೇ ಲಾರಿಯಲ್ಲಿ, ಕಳಿಸಿದರೆ ಹಣ ಉಳಿಯುತ್ತದೆ ನಿಜ. ಆದರೆ ಸಾಮಾನು ಹಲವು ಕೈಗಳನ್ನು ದಾಟುತ್ತದೆ, ತಲುಪುವ ದಿನವೂ ಖಚಿತವಿರುವುದಿಲ್ಲ. ಆಷಾಢ ಹುಟ್ಟುವ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆಂದು ಅತ್ತೆಯವರು ಹೇಳಿದ್ದರಿಂದ ನಮಗೆ ದಿನ ಮುಖ್ಯವಾಗಿತ್ತು. (ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಅಂಥ ಕಟ್ಟುಪಾಡು ಇಲ್ಲದವರು ಆ ತಿಂಗಳು ದರ ಕೇಳಿ ನೋಡಬಹುದು.) ಕೊಟೇಶನ್ ಯಾವ ದಿನದವರೆಗೆ ಊರ್ಜಿತ ಎಂಬುದನ್ನು ಅದರ ಮೇಲೆಯೇ ಬರೆಸಿಕೊಂಡಿದ್ದರಿಂದ, ತಿಂಗಳ ಕೊನೆಯ ನೂಕುನುಗ್ಗಲಿನಲ್ಲೂ ದರ ಬದಲಾಗಲಿಲ್ಲ.

ಹಣ ಕೊಡುವ ಕ್ರಮವನ್ನೂ ಕೊಟೇಶನ್‌ನಲ್ಲೇ ಸೇರಿಸಿದೆವು: ಬುಕಿಂಗ್‌ಗೆ ಸ್ವಲ್ಪ, ಲಾರಿ ತುಂಬಿದ ಮೇಲೆ ದೊಡ್ಡ ಪಾಲು, ಉಳಿದ ಶೇ 20 ಮಂಚ ಜೋಡಿಸಿ ಏಸಿ ಕೂರಿಸಿದ ಮೇಲೆ. ಎಲ್ಲವೂ ಕಂಪನಿಯ ಖಾತೆಗೇ ಹೋಗಬೇಕು, ಯಾರ ಸ್ವಂತ ಯುಪಿಐಗೂ ಅಲ್ಲ. ಲಾರಿ ಹೊರಡುವ ಮುನ್ನ ಲಾರಿ ರಸೀದಿಯಲ್ಲಿ ಗಾಡಿಯ ನಂಬರ್, ಪೆಟ್ಟಿಗೆಗಳ ಸಂಖ್ಯೆ, ಘೋಷಿತ ಮೌಲ್ಯ, ಒಪ್ಪಿದ ಒಟ್ಟು ಮೊತ್ತ ಇವಿಷ್ಟೂ ಕೊಟೇಶನ್‌ಗೆ ಹೊಂದುತ್ತವೆಯೇ ಎಂದು ನೋಡಿ ಸಹಿ ಹಾಕಿದೆ. ದಾರಿಯ ಮಧ್ಯೆ ಲಾರಿ ನಿಲ್ಲಿಸಿ ಹೆಚ್ಚು ಹಣ ಕೇಳಿದ ಪ್ರಸಂಗಗಳನ್ನು ಸಹೋದ್ಯೋಗಿಗಳಿಂದ ಕೇಳಿದ್ದೆ. ಅಂಥ ಸಂದರ್ಭದಲ್ಲಿ ಪೊಲೀಸರಿಗಾಗಲಿ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗಾಗಲಿ ತೋರಿಸಲು ನಮ್ಮ ಕೈಯಲ್ಲಿರುವುದು ಈ ರಸೀದಿಯೇ.

ಕೂಕಟ್‌ಪಲ್ಲಿಯಲ್ಲಿ ಇಳಿಸುವಾಗ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ ಬಿರುಕು ಬಿಟ್ಟಿದ್ದು ಕಂಡಿತು. ಸಾಮಾನು ತಲುಪಿತೆಂಬ ಪ್ರತಿಯ ಮೇಲೆ ಸಹಿ ಹಾಕುವ ಮುನ್ನ ಅದನ್ನು ಬರೆದು, ಮೇಲ್ವಿಚಾರಕರ ಸಹಿಯನ್ನೂ ಪಡೆದು, ಫೋಟೊ ಸಹಿತ ಅಂದೇ ಕಂಪನಿಗೂ ವಿಮಾದಾರರಿಗೂ ಇಮೇಲ್ ಕಳಿಸಿದೆ. ಸಾಗಣೆದಾರರ ಮೇಲೆ ದಾವೆ ಹೂಡುವುದಾದರೆ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಮ್ಮ ವಿಷಯ ಅಲ್ಲಿಯವರೆಗೆ ಹೋಗಲಿಲ್ಲ. ಪ್ರಮಾಣಪತ್ರ, ಮೌಲ್ಯ ಬರೆದ ಪಟ್ಟಿ, ಸಹಿಯಾದ ಪ್ರತಿ ಮೂರೂ ಒಂದಕ್ಕೊಂದು ಹೊಂದಿದ್ದರಿಂದ ಕನ್ನಡಿಯ ಬೆಲೆ ಖಾತೆಗೆ ಬಂತು.