ಹೊಗಳಿಕೆಗೆ ಇವತ್ತು, ಕೋರಿಕೆಗೆ ನಾಳೆ

ಹೊಗಳಿಕೆಯ ಬೆನ್ನಿಗೇ ಒಂದು ಕೋರಿಕೆ ಬಂದರೆ ಎರಡಕ್ಕೂ ಒಟ್ಟಿಗೆ ಉತ್ತರ ಕೊಡಬೇಡಿ. ಹೊಗಳಿಕೆಗೆ ಆಗಲೇ "ಖುಷಿಯಾಯ್ತು" ಅನ್ನಿ, ಕೋರಿಕೆಗೆ "ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ" ಅಂತ ಹೇಳಿ ಕಾಫಿ ಕೊಡಿ. ಹೊಗಳಿ ಅಟ್ಟಕ್ಕೇರಿಸಿದ ಆ ಐದು ನಿಮಿಷ ಇಲ್ಲ ಅನ್ನೋಕೆ ನಾಲಿಗೆಯೇ ಏಳಲ್ಲ. ರಾತ್ರಿ ಕಳೆದರೆ ಕೋರಿಕೆ ಮಾತ್ರ ಉಳಿದಿರುತ್ತೆ, ಅದರ ತೂಕ ಎಷ್ಟೋ ಅಷ್ಟೇ ಕಾಣುತ್ತೆ. ನಮ್ಮ ಮಲೆನಾಡಲ್ಲಿ ಮಂಡಿಯಿಂದ ಅಡಿಕೆ ದುಡ್ಡು ಬರುವ ಹೊತ್ತಿಗಂತೂ ಇದು ಬೇಕೇ ಬೇಕು. ಹೊಗಳಿಕೆ ಮನಸ್ಸಿಂದ ಬಂದಿದ್ದೋ ಅಲ್ವೋ ಅಂತ ಅನುಮಾನ ಇದ್ದರೆ ಮೆಲ್ಲಗೆ "ಯಾವುದು ಹಿಡಿಸ್ತು?" ಅಂತ ಕೇಳಿ. ಅಪ್ಪೆಮಿಡಿ ಉಪ್ಪಿನಕಾಯಿ ನಿಜವಾಗಿ ರುಚಿಸಿದವರು "ಸೊನೆ ಘಮ ಹಾಗೇ ಇದೆ, ಉಪ್ಪು ಒಂಚೂರು ಮುಂದಾಯ್ತು" ಅಂತಾರೆ. ಬರೀ ಬಾಯಿಮಾತಿನವರು "ನಿಮ್ಮ ಕೈಗುಣವೇ ಕೈಗುಣ" ಅಂದು ಮಿಡಿಯನ್ನು ಬಾಳೆಲೆ ತುದಿಗೆ ಸರಿಸುತ್ತಾರೆ. ಆದರೆ ಈ ಪ್ರಶ್ನೆ ಎಲ್ಲರಿಗೂ ಸಲ್ಲ. ನಾಚಿಕೆ ಸ್ವಭಾವದವರು, ವಯಸ್ಸಾದ ದೊಡ್ಡಮ್ಮಂದಿರು ಮನಸಾರೆ ಮೆಚ್ಚಿದರೂ ವಿವರ ಹೇಳಲಾರರು; ದಯವಿಟ್ಟು ಅವರನ್ನು ತಪ್ಪು ತಿಳಿಯಬೇಡಿ. ಆಸ್ಪತ್ರೆ ಖರ್ಚಿನ ಮಾತಾದರೆ ನಾಳೆ ಅನ್ನಲೇಬಾರದು. ಕಷ್ಟದಲ್ಲಿರುವವರು ಕೇಳೋ ಸಂಕೋಚಕ್ಕೇ ಮೊದಲು ನಾಲ್ಕು ಒಳ್ಳೆ ಮಾತು ಆಡಿರುತ್ತಾರೆ.