ಲೈನ್ ಕರೆಂಟ್ ಇಲ್ಲದೆ ಮಲೆನಾಡಿನ ಮನೆ: ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಸೋಲಾರ್

ಮಲೆನಾಡಿನ ಒಂಟಿ ಮನೆಗೆ ಲೈನ್ ಎಳೆಸುವುದು ಎಷ್ಟು ಕಷ್ಟ ಅಂತ ಅಲ್ಲಿರುವವರಿಗೇ ಗೊತ್ತು. ಕಂಬ ಬಂದರೂ ಜೂನ್‌ನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಮುಗೀತು, ದಿನಗಟ್ಟಲೆ ಕತ್ತಲೆ. ಆಗ ಎಲ್ಲರೂ ಸೋಲಾರ್ ಬಗ್ಗೆ ಕೇಳುತ್ತಾರೆ. ನಾನು ಹೇಳುವುದು ಒಂದೇ: ಮನೆಯ ಮೇಲ್ಗಡೆ ಹಳ್ಳ ಇದ್ದರೆ, ಪ್ಲೇಟಿಗೆ ದುಡ್ಡು ಹಾಕುವ ಮೊದಲು ಒಂದು ಬಕೆಟ್ ಹಿಡಿದು ಹಳ್ಳಕ್ಕೆ ಹೋಗಿ.

ಒಂದು ಕಿಲೋವ್ಯಾಟ್ ಪ್ಲೇಟು ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಆಷಾಢದ ಮೋಡದಲ್ಲಿ ಅದರ ಕಾಲು ಭಾಗ ಬಂದರೆ ಪುಣ್ಯ. ಹಳ್ಳ ತುಂಬಿ ಹರಿಯುವುದೂ ಅದೇ ತಿಂಗಳಲ್ಲಿ, ಅಲ್ವಾ? ನಮ್ಮ ಹಿರಿಯರು ದಂಬೆ (ಸೀಳಿದ ಅಡಿಕೆ ಮರದ ಕಾಲುವೆ) ಹಾಕಿ ಅಬ್ಬಿ ನೀರನ್ನು ಬಚ್ಚಲಿಗೆ ತರುತ್ತಿದ್ದರು. ಅದೇ ನೀರನ್ನು ಪೈಪಿನಲ್ಲಿ ತಂದು ಚಿಕ್ಕ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗಿ ಕರೆಂಟ್ ಕೊಡುವ ಚಕ್ರ, ತಿರುಗಿಸಬೇಕು, ಅಷ್ಟೇ.

ಮೊದಲು ಅಳತೆ. ಹಳ್ಳಕ್ಕೆ ಚಿಕ್ಕ ಒಡ್ಡು ಕಟ್ಟಿ, ನೀರೆಲ್ಲ ಒಂದು ಪೈಪಿನಲ್ಲಿ ಬರುವಂತೆ ಮಾಡಿ ಬಕೆಟ್ ಹಿಡಿಯಿರಿ. 20 ಲೀಟರ್ ಬಕೆಟ್ 5 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ಇದನ್ನು ಜುಲೈನಲ್ಲಿ ಅಳೆದು ಖುಷಿಪಡಬೇಡಿ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. ಆಮೇಲೆ ಎತ್ತರ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಡ್ಡಿನಿಂದ ಟರ್ಬೈನ್ ಕೂರಿಸುವ ಜಾಗದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಅಳೆದುಕೊಂಡು ಬನ್ನಿ, ಇಬ್ಬರಿದ್ದರೆ ಒಂದು ಬೆಳಿಗ್ಗೆ ಸಾಕು.

ಲೆಕ್ಕ ಸುಲಭ. ಮೀಟರಿನಲ್ಲಿ ಎತ್ತರ, ಸೆಕೆಂಡಿಗೆ ಎಷ್ಟು ಲೀಟರ್, ಇವೆರಡನ್ನೂ ಗುಣಿಸಿ ಮತ್ತೆ 5ರಿಂದ ಗುಣಿಸಿ. 25 ಮೀಟರ್, 4 ಲೀಟರ್ ಆದರೆ 500 ವ್ಯಾಟ್. ಇಷ್ಟೇನಾ ಅನ್ನಿಸಬಹುದು. ಆದರೆ ಇದು ಹಗಲು ರಾತ್ರಿ ಬರುವ ಕರೆಂಟ್, ದಿನಕ್ಕೆ 12 ಯೂನಿಟ್ ಆಯಿತು.

ಜಾಸ್ತಿ ಜನ ಎಡವುವುದು ಪೈಪಿನಲ್ಲಿ. ಇದೇ 4 ಲೀಟರನ್ನು 200 ಮೀಟರ್ ದೂರ ಎರಡು ಇಂಚಿನ ಪಿವಿಸಿ ಪೈಪಿನಲ್ಲಿ ತಂದರೆ, 25 ಮೀಟರ್ ಎತ್ತರದಲ್ಲಿ 7-8 ಮೀಟರ್ ಪೈಪಿನ ಒಳಗೇ ತಿಕ್ಕಾಟಕ್ಕೆ ಹೋಗುತ್ತದೆ. ಮೂರು ಇಂಚಿನದಾದರೆ ಒಂದೂವರೆ ಮೀಟರ್ ಒಳಗೆ. ಉಳಿತಾಯ ಮಾಡುವುದಿದ್ದರೆ ಬೇರೆ ಕಡೆ ಮಾಡಿ. ಪೈಪಿನ ಬಾಯಿಗೆ ಸ್ಟೀಲ್ ಜಾಲರಿಯನ್ನು ಓರೆಯಾಗಿ ಇಡಿ, ತರಗೆಲೆ ಜಾರಿ ಹೋಗುತ್ತದೆ. ಮರಳು ತಳ ಹಿಡಿಯಲು ನಡುವೆ ಒಂದು ಡ್ರಮ್ ಇರಲಿ, ಇಲ್ಲದಿದ್ದರೆ ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್ ಸವೆದು ಹೋಗುತ್ತದೆ. ಅಷ್ಟೆಲ್ಲ ಮಾಡಿದರೂ ಜೋರು ಮಳೆ ಬಂದ ಮಾರನೇ ದಿನ ಇಂಬಳ (ಜಿಗಣೆ) ಕಚ್ಚಿಸಿಕೊಂಡು ಹೋಗಿ ಜಾಲರಿ ಕೆರೆಯುವುದು ತಪ್ಪಿದ್ದಲ್ಲ. ಹಳ್ಳ ಕಾಡಿನ ಜಾಗದಲ್ಲಿದ್ದರೆ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಟರ್ಬೈನ್ ತಿರುಗಿಸಿದ ನೀರು ವಾಪಸ್ ಹಳ್ಳಕ್ಕೇ ಸೇರಲಿ, ಕೆಳಗಿನ ಮನೆಯವರ ತೋಟಕ್ಕೂ ಅದೇ ನೀರು.

ಟರ್ಬೈನಿಗೆ ಲೋಡ್, ಅಂದರೆ ಕರೆಂಟ್ ಎಳೆಯುವ ಲೈಟು ಫ್ಯಾನುಗಳ ಹೊರೆ, ಕಡಿಮೆಯಾದರೆ ಅದು ಸುಮ್ನೆ ಇರುವುದಿಲ್ಲ, ಜೋರಾಗಿ ಓಡುತ್ತದೆ, ವೋಲ್ಟೇಜ್ ಏರುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕು. ಮನೆಗೆ ಬೇಡದ ಕರೆಂಟನ್ನು ಅದು ಹೀಟರ್‌ಗೆ ತಿರುಗಿಸುತ್ತದೆ. ನಾವು ಆ ಹೀಟರನ್ನು ಬಚ್ಚಲ ಹಂಡೆಗೆ ಹಾಕಿದ್ದೆವು, ಸ್ನಾನದ ನೀರು ಪುಕ್ಕಟೆ ಕಾಯಲಿ ಅಂತ. ಒಂದು ರಾತ್ರಿ ಹಂಡೆ ಖಾಲಿಯಾಗಿದ್ದು ಯಾರೂ ನೋಡಲಿಲ್ಲ. ಹೀಟರ್ ಸುಟ್ಟಿತು, ಲೋಡ್ ಹೋಯಿತು, ಅಡುಗೆಮನೆಯ ಬಲ್ಬು ಮೊದಲು ಬೆಳ್ಳಗೆ ಉರಿದು ಆರಿತು, ಹಿಂದೆಯೇ ಜಗಲಿಯದ್ದು, ಹೀಗೆ ಒಟ್ಟು ಐದು. ಈಗ ಹಂಡೆಗೆ ಅಬ್ಬಿ ನೀರು ಸಣ್ಣಗೆ ಬೀಳುತ್ತಲೇ ಇರುತ್ತದೆ, ತುಂಬಿದ್ದು ಹೊರಗೆ ಹೋಗುತ್ತದೆ. ನೀವೂ ಹಾಗೇ ಮಾಡಿ.

ಮನೆಯ ವೈರಿಂಗನ್ನು ಎರಡು ಮಾಡಿಸಿ. ಲೈಟು, ಫ್ಯಾನು, ಟಿವಿ ಟರ್ಬೈನಿನ ನೇರ ಲೈನಿಗೆ. ಫ್ರಿಜ್ಜು, ಮಿಕ್ಸಿ ಇನ್ವರ್ಟರ್ ಲೈನಿಗೆ, ಯಾಕೆಂದರೆ ಮೋಟಾರ್ ಇರುವ ವಸ್ತು ಸ್ಟಾರ್ಟ್ ಆಗುವಾಗ ಒಂದು ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂಥದ್ದೇ ಕರೆಂಟ್ ಕೊಡುವಂಥದ್ದು, ಆಗಿರಲಿ. 12 ವೋಲ್ಟಿನ, 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬುಲರ್ ಬ್ಯಾಟರಿಯಲ್ಲಿ 3.6 ಯೂನಿಟ್ ಇರುತ್ತದೆ, ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಹಾಳಾಗುತ್ತದೆ. ಮಳೆಗಾಲದಲ್ಲಿ ಟರ್ಬೈನ್ ಅದನ್ನು ಚಾರ್ಜ್ ಮಾಡುತ್ತದೆ. ಹಳ್ಳ ಸೊರಗಿದ ಮೇಲೆ ಸೋಲಾರ್, ಆಗ ಇಡೀ ಮನೆಯನ್ನು ಚೇಂಜ್‌ಓವರ್ ಸ್ವಿಚ್‌ನಿಂದ ಇನ್ವರ್ಟರ್‌ಗೆ ತಿರುಗಿಸಿ.

ಬೇಸಿಗೆಯಲ್ಲಿ ಬಿಗಿ ಹಿಡಿಯಬೇಕು. ಹಳೇ ಫ್ಯಾನು 75 ವ್ಯಾಟ್ ತಿಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಪ್ಲೇಟನ್ನು ದಕ್ಷಿಣಕ್ಕೆ ಓರೆ ಮಾಡಿ ಕೂರಿಸಿ, ಅಡಿಕೆ ಸೋಗೆಯ ಒಂದು ನೆರಳು ಬಿದ್ದರೂ ಉತ್ಪಾದನೆ ತುಂಬಾ ಇಳಿಯುತ್ತದೆ. ತೋಟದ ಪಂಪು, ಅಡಿಕೆ ಸುಲಿಯುವ ಯಂತ್ರ ಇವನ್ನೆಲ್ಲ ಇದರ ಮೇಲೆ ಹೇರಬೇಡಿ. ಸುಗ್ಗಿ ಬರುವಾಗ ಹಳ್ಳದ ನೀರೂ ಇಳಿದಿರುತ್ತದೆ, ಅದಕ್ಕೆ ಜನರೇಟರೇ ಸರಿ.

ಏಪ್ರಿಲ್ ಗುಡುಗು ಶುರುವಾಗುವ ಮೊದಲು ಅರ್ತಿಂಗ್ ನೋಡಿಸಿ, ಪ್ಲೇಟಿನ ಲೈನಿಗೆ ಸಿಡಿಲಿಗೆ ಏರುವ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸರ್ಜ್ ಅರೆಸ್ಟರ್ ಹಾಕಿಸಿ. ಟರ್ಬೈನ್ ನಿಲ್ಲಿಸುವಾಗ ವಾಲ್ವನ್ನು ನಿಧಾನ, ತುಂಬಾ ನಿಧಾನ ತಿರುಗಿಸಿ. ಒಮ್ಮೆಲೇ ಮುಚ್ಚಿದರೆ ಇಡೀ ಪೈಪಿನ ನೀರು ಬಂದು ಗುದ್ದುತ್ತದೆ, ಜಾಯಿಂಟ್ ಬಿಚ್ಚಿಕೊಳ್ಳುತ್ತದೆ.